ಹಳೇ ಕಾರಿಗೆ ವಾರಂಟಿ ಕೊಳ್ಳಬೇಕೆ?

ಹೋಳೂರಿನಿಂದ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಯಜಮಾನರು ಒಂಬತ್ತು ವರ್ಷ ಓಡಿದ ಕಾರೊಂದನ್ನು ಕೊಂಡಿದ್ದಾರೆ. ಅತ್ತೆಯವರನ್ನು ತಿಂಗಳಿಗೆ ಎರಡು ಸಲ ಕೋಲಾರದ ಆಸ್ಪತ್ರೆಗೆ ಕರೆದೊಯ್ಯಬೇಕು. ಬಸ್ಸು ಹತ್ತಲು ಅವರ ಮಂಡಿ ಬಿಡದು. ಕಾರು ಮಾರಿದವರು, “ಇನ್ನು ಹದಿನೈದು ಸಾವಿರ ಕಟ್ಬಿಡಿ ಅಮ್ಮಾ, ಒಂದು ವರ್ಷ ಏನು ಕೆಟ್ರೂ ನಮ್ಮ ಜವಾಬ್ದಾರಿ” ಎಂದರಂತೆ. ಆ ಹಣ ಬರಬೇಕಾದ್ದು ಸೋದರಿ ಹಾಲಿನ ದುಡ್ಡಿನಲ್ಲಿ ಉಳಿಸಿ ಕಟ್ಟಿದ ಚೀಟಿಯಿಂದ. “ಕಟ್ಟಲೇ, ಬಿಡಲೇ?” ಎಂಬುದು ಅವರ ಪ್ರಶ್ನೆ.

ಮೊದಲು ಒಂದು ಮಾತು. ವಿಮೆ ಬೇರೆ, ವಾರಂಟಿ ಬೇರೆ. ನಮ್ಮ ವಾಹನದಿಂದ ಬೇರೆಯವರಿಗೆ ಆಗುವ ಹಾನಿಗೆ ವಿಮೆ ಇರಲೇಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದನ್ನು ತಪ್ಪಿಸುವಂತಿಲ್ಲ. ನಮ್ಮದೇ ಕಾರು ಗುದ್ದಿಕೊಂಡರೆ, ಕಳುವಾದರೆ ಪೂರ್ಣ ವಿಮೆ ನೆರವಿಗೆ ಬರುತ್ತದೆ. ಆದರೆ ಓಡುತ್ತಾ ಓಡುತ್ತಾ ಒಳಗಿನ ಭಾಗ ತಾನಾಗಿ ಕೆಟ್ಟರೆ ವಿಮೆಯವರು ಕೊಡುವುದಿಲ್ಲ. ಅದಕ್ಕೆಂದೇ ಇರುವುದು ವಾರಂಟಿ. ಅದನ್ನು ಕೊಳ್ಳಲೇಬೇಕೆಂಬ ಕಾನೂನೇನೂ ಇಲ್ಲ.

“ಏನು ಕೆಟ್ಟರೂ” ಎಂಬ ಮಾತು ಬಾಯಲ್ಲಿ ಬರುತ್ತದೆಯೇ ಹೊರತು ಕಾಗದದಲ್ಲಿ ಇರುವುದಿಲ್ಲ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟೈರು, ಬ್ಯಾಟರಿ, ಬಲ್ಬು, ವೈಪರು, ರಬ್ಬರ್ ಪೈಪು ಇವೆಲ್ಲ ಸವೆಯುವ ವಸ್ತುಗಳೆಂದು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಹಳೇ ಕಾರು ಪದೇ ಪದೇ ದುಡ್ಡು ಕೇಳುವುದು ಇವುಗಳಿಗೇ ಅಲ್ಲವೇ? ಎಂಜಿನ್, ಗೇರ್ ಬಾಕ್ಸ್ ಪಟ್ಟಿಯಲ್ಲಿದ್ದರೂ ಷರತ್ತುಗಳುಂಟು. ರೇಡಿಯೇಟರಿನಲ್ಲಿ ನೀರು ಆರಿದ್ದು ನೋಡದೆ ಓಡಿಸಿ ಎಂಜಿನ್ ಕೆಟ್ಟರೆ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ರಸೀದಿ ಇಲ್ಲದಿದ್ದರೆ, “ಇದು ನಿಮ್ಮ ಅಲಕ್ಷ್ಯ” ಎಂದು ಕೈಚೆಲ್ಲಬಹುದು.

ಇನ್ನೊಂದು ವಿಷಯ ನೋಡಿ. 2024ರ ಜುಲೈನಲ್ಲಿ ಮಾರುತಿ ಕಂಪನಿ ತನ್ನ ಹೊಸ ಕಾರುಗಳ ವಾರಂಟಿಯನ್ನು 2 ವರ್ಷದಿಂದ 3 ವರ್ಷಕ್ಕೆ, ಅಥವಾ 1 ಲಕ್ಷ ಕಿಲೋಮೀಟರಿಗೆ, ಏರಿಸಿತು. ಹೆಚ್ಚು ಹಣ ತೆತ್ತರೆ ಆರನೇ ವರ್ಷದವರೆಗೆ, ಇಲ್ಲವೇ 1 ಲಕ್ಷ 60 ಸಾವಿರ ಕಿಲೋಮೀಟರಿನವರೆಗೆ ಮುಂದುವರಿಸುವ ಏರ್ಪಾಡನ್ನೂ ಮಾಡಿತು. ಯಾವುದು ಮೊದಲೋ ಅಲ್ಲಿಗೆ ಮುಗಿಯಿತು. ಕಾರು ತಯಾರಿಸಿದವರೇ ಆರು ವರ್ಷಕ್ಕೆ ಗೆರೆ ಎಳೆದ ಮೇಲೆ ಒಂಬತ್ತು ವರ್ಷದ ಗಾಡಿಗೆ ಭರವಸೆ ಕೊಡುವವರು ಯಾರು? ಮಾರಿದ ಅಂಗಡಿಯೇ? ಬೇರೊಂದು ಸಂಸ್ಥೆಯೇ? ಕೆಟ್ಟರೆ ಗಾಡಿಯನ್ನು ಬೆಂಗಳೂರಿಗೆ ಎಳೆಸಿಕೊಂಡು ಹೋಗಬೇಕೇ, ಕೋಲಾರದಲ್ಲೇ ರಿಪೇರಿಯೇ? ಎಳೆಸುವ ಖರ್ಚು ಯಾರದು? ಕಾಗದ ಓದಿಸಿ ಇಷ್ಟನ್ನು ಕೇಳಿ.

ಕಾರು ಐದು ವರ್ಷದ ಒಳಗಿನದಾಗಿದ್ದು, ಕಂಪನಿಯ ವಾರಂಟಿ ಇನ್ನೂ ಮುಗಿದಿರದೆ, ಸರ್ವಿಸ್ ಮಾಡಿಸಿದ ದಾಖಲೆಯೆಲ್ಲ ಇದ್ದರೆ, ಕಂಪನಿಯಿಂದಲೇ ಮುಂದುವರಿಸಿಕೊಳ್ಳುವುದು ಬುದ್ಧಿವಂತಿಕೆ. ತಾನಾಗಿ ಗೇರು ಬದಲಾಗುವ ಕಾರಾದರೆ ಇನ್ನೂ ಮೇಲು. ಅದರ ರಿಪೇರಿ ಬಲು ದುಬಾರಿ. ಆದರೆ ಹೋಳೂರಿನ ಸೋದರಿಗೆ ನಾನು ಹೇಳುವುದು, ಕಟ್ಟಬೇಡಿ ಎಂದೇ.

ಆ ಹದಿನೈದು ಸಾವಿರವನ್ನು ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ‘ಕಾರಿನ ದುಡ್ಡು’ ಎಂದು ಬೇರೆ ಇಡಿ. ಐನೂರು ರೂಪಾಯಿಗೆ ಖಾತೆ ತೆರೆಯುತ್ತಾರೆ. ಆರ್.ಡಿ. ಕಟ್ಟಬೇಡಿ, ಬೇಕೆಂದಾಗ ಪೂರ್ತಿ ಹಣ ಕೈಗೆ ಸಿಗುವುದಿಲ್ಲ. ಅದರಲ್ಲೇ ಒಂದಿಷ್ಟು ಖರ್ಚು ಮಾಡಿ, ಮಾರಿದವರ ಪರಿಚಯದವನಲ್ಲದ ಮೆಕ್ಯಾನಿಕ್‌ನಿಂದ ಬ್ರೇಕು, ಟೈರು, ರೇಡಿಯೇಟರು, ಬ್ಯಾಟರಿ ಪರೀಕ್ಷೆ ಮಾಡಿಸಿ. ವರ್ಷವೆಲ್ಲ ಏನೂ ಕೆಡದಿದ್ದರೆ ವಾರಂಟಿಯ ಹಣ ಮರಳಿ ಬಾರದು. ಖಾತೆಯ ಹಣ ನಿಮ್ಮದಾಗಿಯೇ ಉಳಿದಿರುತ್ತದೆ. ಎಂಜಿನ್ನೇ ಹೋದರೆ ಹದಿನೈದು ಸಾವಿರ ಸಾಲದು, ನಿಜ. ಆದ್ದರಿಂದ ತಿಂಗಳಿಗೆ ಐನೂರಾದರೂ ಸೇರಿಸುತ್ತಾ ಹೋಗಿ. ಯಜಮಾನರಿಗೂ ಈ ಲೆಕ್ಕ ತೋರಿಸಿ, ಇಬ್ಬರೂ ಕೂತು ತೀರ್ಮಾನಿಸಿ. ಅತ್ತೆಯವರಿಗೆ ರಾತ್ರಿ ಹೊತ್ತು ಹೆಚ್ಚುಕಡಮೆಯಾದರೆ ಯಾವ ವಾರಂಟಿ ಕಾಗದವೂ ಗಾಡಿ ಹೊರಡಿಸದು. 108ಕ್ಕೆ ಫೋನ್ ಮಾಡಿ.

ಈಗಾಗಲೇ ವಾರಂಟಿ ಕೊಂಡಿರುವ ಓದುಗರು ಗಾಬರಿಯಾಗಬೇಡಿ. ರಸೀದಿ, ಷರತ್ತಿನ ಕಾಗದ, ಸರ್ವಿಸ್ ಬಿಲ್ಲು ಎಲ್ಲವನ್ನೂ ಒಂದೇ ಚೀಲದಲ್ಲಿಡಿ. ನ್ಯಾಯವಾಗಿ ಸಲ್ಲಬೇಕಾದ್ದನ್ನು ನಿರಾಕರಿಸಿದರೆ, ಕಾರಣವನ್ನು ಬರೆದುಕೊಡುವಂತೆ ಕೇಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಚೀಟಿ ದುಡ್ಡು ಕೂಡಿಸುವ ಕಷ್ಟ ಬಲ್ಲ ನಾವು ಅದನ್ನು ಕೊಡುವಾಗಲೂ, ಕೇಳಿ ಪಡೆಯುವಾಗಲೂ ಸಂಕೋಚಪಡಬೇಕಾಗಿಲ್ಲ.