ಕಮಾಂಡ್ ಬಾಯಿಪಾಠ ಸಾಕು, ವಿಳಾಸದ ಲೆಕ್ಕ ಕಲಿಯೋಣ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಡಿಪ್ಲೊಮಾ, ಬಿಸಿಎ, ಬಿಇ ಮುಗಿಸಿದ ಅನೇಕರು ನೆಟ್‌ವರ್ಕಿಂಗ್ ಕೋರ್ಸ್‌ಗೆಂದು ಬೆಂಗಳೂರು, ಪುಣೆಯ ಬಸ್ಸು ಹತ್ತುತ್ತಾರೆ. ಮನೆಯವರು ಸಾಲ ಮಾಡಿ ಫೀ ಕಟ್ಟುತ್ತಾರೆ. ಅಲ್ಲಿ ರೂಟರ್ ಕಮಾಂಡ್‌ಗಳನ್ನು ಮಗ್ಗಿಯಂತೆ ಉರು ಹೊಡೆದದ್ದೇ ಹೊಡೆದದ್ದು. ಸಂದರ್ಶನದಲ್ಲಿ ‘ಓಎಸ್‌ಪಿಎಫ್‌ನಲ್ಲಿ ಏರಿಯಾ ಯಾಕೆ ಬೇಕು?’ ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ.

ಉತ್ತರ ನಮ್ಮ ಕೌಜಲಗಿಗೆ ಬರುವ ಅಂಚೆ ಚೀಲದಲ್ಲೇ ಇದೆ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂತು. ನಮ್ಮ ಜಿಲ್ಲೆಯ ಹಳ್ಳಿಗಳ ಪಿನ್‌ಕೋಡ್ 591ರಿಂದ ಶುರು. ದೂರದ ಊರಲ್ಲಿ ಕಾಗದ ವಿಂಗಡಿಸುವವರಿಗೆ ಕೌಜಲಗಿ ಎಲ್ಲಿದೆಯೆಂದು ಗೊತ್ತಿರಬೇಕಿಲ್ಲ. ಮೊದಲ ಮೂರು ಅಂಕಿ ಸಾಕು. ಉಳಿದ ಮೂರನ್ನು ಇಲ್ಲಿಗೆ ಬಂದ ಮೇಲೆ ನೋಡಿದರಾಯಿತು. ರೂಟ್ ಸಮ್ಮರೈಸೇಶನ್ ಮಾಡುವುದೂ ಇದನ್ನೇ.

ಓಎಸ್‌ಪಿಎಫ್‌ನಲ್ಲಿ ಒಂದು ಏರಿಯಾದ ಪ್ರತಿ ರೂಟರ್ ಆ ಏರಿಯಾದ ಪೂರ್ತಿ ನಕ್ಷೆ ಇಟ್ಟುಕೊಂಡಿರುತ್ತದೆ. ಒಂದು ಲಿಂಕ್ ಕಡಿದರೆ ಎಲ್ಲವೂ ದಾರಿಯ ಲೆಕ್ಕ ಮತ್ತೆ ಹಾಕಬೇಕು. ಈ ಹೊರೆ ಇಳಿಸಲು ನೆಟ್‌ವರ್ಕ್ ಅನ್ನು ಏರಿಯಾಗಳಾಗಿ ಒಡೆದು, ನಡುವಿನ ಏರಿಯಾ 0ಕ್ಕೆ ಜೋಡಿಸುತ್ತಾರೆ. ಆದರೆ ಏರಿಯಾ ಮಾಡಿದ ಮಾತ್ರಕ್ಕೆ ವಿಳಾಸಗಳು ತಾವಾಗಿ ಒಂದಾಗುವುದಿಲ್ಲ. ಗಡಿಯಲ್ಲಿರುವ ಎಬಿಆರ್ ರೂಟರ್‌ಗೆ ನಾವೇ ಹೇಳಬೇಕು.

ಒಂದು ಏರಿಯಾದಲ್ಲಿ 172.16.8.0/24ರಿಂದ 172.16.15.0/24ರವರೆಗೆ ಎಂಟು ನೆಟ್‌ವರ್ಕ್ ಇವೆ ಎನ್ನಿ. 8ನ್ನು ಬೈನರಿಯಲ್ಲಿ ಬರೆದರೆ 00001000, 15 ಎಂದರೆ 00001111. ಮೊದಲ ಐದು ಬಿಟ್ ಒಂದೇ. 16ಕ್ಕೆ 5 ಕೂಡಿಸಿದರೆ 21. ಎಂಟು ಸಾಲಿನ ಬದಲು 172.16.8.0/21 ಎಂಬ ಒಂದೇ ಸಾಲು ಹೊರಗೆ ಹೋಗುತ್ತದೆ. ‘ಏರಿಯಾ 1 ರೇಂಜ್ 172.16.8.0 255.255.248.0’ ಎಂಬ ಕಮಾಂಡ್ ಹುಟ್ಟುವುದು ಈ ಲೆಕ್ಕದಿಂದ. ಒಳಗಿನ ಒಂದು ನೆಟ್‌ವರ್ಕ್ ಬಿದ್ದೆದ್ದರೂ ಹೊರಗಿನವರಿಗೆ ಅದರ ಗದ್ದಲವಿಲ್ಲ.

ಇದೇ ಎಂಟು ವಿಳಾಸಗಳನ್ನು ಬೇರೆ ಬೇರೆ ಏರಿಯಾಗಳಿಗೆ ಮನಸ್ಸಿಗೆ ಬಂದಂತೆ ಹಂಚಿದ್ದರೆ? ಯಾವ ಕಮಾಂಡೂ ಅವನ್ನು ಚೊಕ್ಕವಾಗಿ ಒಂದು ಮಾಡಲಾರದು. ಪಕ್ಕದ ಊರುಗಳಿಗೆ ದಿಕ್ಕಿಗೊಂದು ಪಿನ್‌ಕೋಡ್ ಕೊಟ್ಟಂತೆ. ಹಾಗಾಗಿ ನಿಜವಾದ ಕೆಲಸ ಕೀಬೋರ್ಡ್ ಮುಟ್ಟುವ ಮೊದಲೇ, ಕಾಗದದ ಮೇಲೆ ನಡೆಯುತ್ತದೆ. ಇಂಟರ್‌ವ್ಯೂನಲ್ಲಿ ‘ಯಾಕೆ’ ಎಂದು ಕೇಳುವವರು ಹುಡುಕುವುದು ಆ ಯೋಚನೆಯನ್ನೇ.

‘ಈಗೆಲ್ಲ ಕ್ಲೌಡ್, ಕಮಾಂಡ್ ಬರೆಯಲು ಎಐ ಇದೆ, ಇದೆಲ್ಲ ಯಾಕೆ?’ ಎನ್ನುವವರಿದ್ದಾರೆ. ಕ್ಲೌಡ್‌ನಲ್ಲೂ ನೆಟ್‌ವರ್ಕ್ ಕಟ್ಟುವಾಗ ವಿಳಾಸದ ಬ್ಲಾಕ್ ಆರಿಸಲೇಬೇಕು. ಕಮಾಂಡ್ ಅನ್ನು ಯಂತ್ರ ಬರೆದು ಕೊಟ್ಟೀತು. ಮುಂದೆ ಯಾವ ಶಾಖೆ ಎಷ್ಟು ಬೆಳೆದೀತು, ಎಷ್ಟು ವಿಳಾಸ ಕಾದಿಡಬೇಕು ಎಂಬುದನ್ನು ಆ ಸಂಸ್ಥೆಯನ್ನು ಬಲ್ಲವರೇ ನಿರ್ಧರಿಸಬೇಕು.

ಇದನ್ನು ಕಲಿಯಲು ಊರು ಬಿಡಬೇಕೆಂದೇನೂ ಇಲ್ಲ. ಜಿಎನ್ಎಸ್3, ಎಫ್‌ಆರ್‌ರೌಟಿಂಗ್ ಎರಡೂ ಉಚಿತ. ಓಎಸ್‌ಪಿಎಫ್‌ನ ಎರಡನೇ ಆವೃತ್ತಿಯನ್ನು ವಿವರಿಸುವ, 1998ರ ಆರ್‌ಎಫ್‌ಸಿ 2328 ಕೂಡ ಯಾರು ಬೇಕಾದರೂ ಓದಬಹುದು. ನಮ್ಮ ಕಾಲೇಜುಗಳು ಲ್ಯಾಬ್‌ನಲ್ಲಿ ಕಮಾಂಡ್ ಹಾಳೆ ಕೊಡುವ ಮೊದಲು ಒಂದು ವಾರ ವಿಳಾಸ ಹಂಚುವ ಲೆಕ್ಕ ಮಾಡಿಸಲಿ. ನಾವೂ ಫೀ ಕಟ್ಟುವ ಮೊದಲು ಒಂದು ನೋಟ್‌ಬುಕ್ ತೆಗೆದು, ನಮ್ಮ ತಾಲ್ಲೂಕಿನ ಹತ್ತು ಊರಿಗೆ ವಿಳಾಸ ಹಂಚಿ ನೋಡೋಣ. ಅಷ್ಟು ಬಂದವನಿಗೆ ಕಮಾಂಡ್ ಒಂದು ದಿನದ ಕೆಲಸ.