ಅಜಾಕ್ಸ್ ಯಾರ ಮೂಲ?

'ಹೆಸರುಗಳನ್ನು ಮುಟ್ಟಿಲ್ಲ, ಮೂಲದಲ್ಲಿದ್ದಂತೆಯೇ ಉಳಿಸಿದ್ದೇವೆ.' ಗ್ರೀಕ್ ನಾಟಕಗಳ ಕನ್ನಡ ಅನುವಾದದ ಮಾತು ಬಂದಾಗ ಈ ಹೆಮ್ಮೆಯನ್ನು ಆಗಾಗ ಕೇಳುತ್ತೇನೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಸೋಫೋಕ್ಲಿಸ್‌ನ ನಾಯಕನನ್ನು ಬಿಎಂಶ್ರೀ 'ಅಶ್ವತ್ಥಾಮನ್' ಮಾಡಿ ಮೂಲಕ್ಕೆ ದ್ರೋಹ ಬಗೆದರಂತೆ. 'ಅಜಾಕ್ಸ್' ಎಂದು ಬರೆದವರು ಪ್ರಾಮಾಣಿಕರಂತೆ. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಅಜಾಕ್ಸ್ ಎಂಬುದು ಯಾರ ಮೂಲ? ಗ್ರೀಕರ ಬಾಯಲ್ಲಿ ಅವನು ಅಯ್ಯಾಸ್. ಲ್ಯಾಟಿನ್ನಿಗೆ ಹೋಗಿ ಬಾಲಕ್ಕೊಂದು 'ಕ್ಸ್' ಅಂಟಿಸಿಕೊಂಡ, ಇಂಗ್ಲಿಷಿನಲ್ಲಿ 'ಜ' ಪಡೆದ. ನಾವು ಉಳಿಸಿಕೊಂಡದ್ದು ಗ್ರೀಕನ್ನಲ್ಲ, ಇಂಗ್ಲಿಷರ ಉಚ್ಚಾರವನ್ನು.

ಹೋಗಲಿ, ಒಂದಕ್ಷರಕ್ಕೆ ಇಷ್ಟು ರಂಪ ಏಕೆ ಎನ್ನಬಹುದು. ಈ ನಾಟಕದಲ್ಲಿ ಆ ಅಕ್ಷರವೇ ಅರ್ಥ. ಅಕಿಲೀಸನ ಆಯುಧಗಳು ತನಗೆ ದಕ್ಕದೆ ಒಡಿಸ್ಯೂಸನ ಪಾಲಾದಾಗ ಈ ವೀರನಿಗೆ ಬುದ್ಧಿ ಕೆಡುತ್ತದೆ. ದಂಡಿನ ನಾಯಕರೆಂದು ಭ್ರಮಿಸಿ ದನಕುರಿಗಳನ್ನು ಕಡಿಯುತ್ತಾನೆ. ಅರಿವು ಮರಳಿದಾಗ, ನನ್ನ ಹೆಸರು ನನ್ನ ಸಂಕಟಕ್ಕೆ ಇಷ್ಟು ಸರಿಯಾಗಿ ಹೊಂದುತ್ತದೆಂದು ಯಾರು ಎಣಿಸಿದ್ದರು ಎಂದು ಗೋಳಾಡುತ್ತಾನೆ. ಏಕೆಂದರೆ ಗ್ರೀಕಿನಲ್ಲಿ ದುಃಖದ ಉದ್ಗಾರ 'ಅಯ್ಯಾಯ್'. ಪಿಂಡಾರ್ ಕವಿ ಇದೇ ಹೆಸರನ್ನು ಹದ್ದಿನ ಹೆಸರಿನಿಂದ ಬಿಡಿಸಿದ್ದ. ಸೋಫೋಕ್ಲಿಸ್‌ಗೆ ಅದರಲ್ಲಿ ಅಳು ಕೇಳಿಸಿತು. 'ಅಯ್ಯೋ' ಎಂದು ಅಳುವ ಕನ್ನಡಕ್ಕೆ 'ಅಯ್ಯಾಸ್' ವಿವರಣೆಯನ್ನೇ ಬೇಡುವುದಿಲ್ಲ. ಇಂಗ್ಲಿಷಿಗೆ ಇಲ್ಲದ ಈ ಸೌಲಭ್ಯ ನಮಗಿತ್ತು. ಅದನ್ನು ಬಿಟ್ಟು 'ಅಜಾಕ್ಸ್' ಎಂದರೆ ಯಾರ ಕಿವಿಗೆ ಅಳು ಕೇಳಿಸೀತು? ನಮ್ಮ ಗಿಣಿಗೇರಾ ಕಡೆಯವರಿಗೆ ಕಾಂಕ್ರೀಟ್ ಕಲಸುವ ಗಾಡಿ ನೆನಪಾದೀತು, ಅಷ್ಟೆ.

ಅವನ ಮಗನ ಕಥೆಯೂ ಇದೇ. ನಾಟಕದಲ್ಲಿ ತುಟಿ ಬಿಚ್ಚದ ಆ ಕೂಸಿನ ಹೆಸರು ಎವ್ರುಸಾಕೆಸ್. ಅಗಲವಾದ ಗುರಾಣಿಯವನು ಎಂದರ್ಥ. ಸಾಯುವ ಮುನ್ನ ತಂದೆ, ಉಳಿದ ಆಯುಧಗಳನ್ನು ನನ್ನೊಡನೆ ಹೂಳಿರಿ ಎಂದು ಹೇಳಿ, ಗುರಾಣಿಯನ್ನು ಮಾತ್ರ ಮಗನಿಗೆ ಬಿಡುತ್ತಾನೆ. ಮಗನ ಹೆಸರೇ ಅವನ ಆಸ್ತಿ. ಅರ್ಥ ತಿಳಿಯದವನಿಗೆ ಆ ದೃಶ್ಯದ ಅರ್ಧ ನಷ್ಟ.

ಇನ್ನು ಬಿಎಂಶ್ರೀ. ಚಿರಂಜೀವಿಯನ್ನು ರಂಗದ ಮೇಲೆ ಸಾಯಿಸಿದರೆಂಬ ಆಕ್ಷೇಪ ಹಳೆಯದು, ಅದರಲ್ಲಿ ಹುರುಳಿದೆ. ಆದರೆ ಅಶ್ವತ್ಥಾಮನ ಹೆಸರು ಹುಟ್ಟಿದ್ದು ಹೇಗೆ? ಹುಟ್ಟಿದೊಡನೆ ಕುದುರೆಯಂತೆ ಕೆನೆದನೆಂದು ಆ ಹೆಸರು ಬಂತು ಎನ್ನುತ್ತದೆ ಆದಿಪರ್ವ. ಅಲ್ಲೊಂದು ಕೂಗು, ಇಲ್ಲೊಂದು ಕೂಗು. ಮುಂದೆ ಅದೇ ಹೆಸರಿನ ಆನೆಯನ್ನು ಕೊಂದು, ಆ ಹೆಸರನ್ನೇ ಆಯುಧ ಮಾಡಿ ದ್ರೋಣನನ್ನು ಕೆಡವಿದರು. ಇದನ್ನೆಲ್ಲ ಎಣಿಸಿಯೇ ಅವರು ಆರಿಸಿದರೆಂದು ನಾನು ವಾದಿಸುತ್ತಿಲ್ಲ. ಫಲವನ್ನು ನೋಡಿ: ಕನ್ನಡ ಓದುಗನಿಗೆ ಅಶ್ವತ್ಥಾಮ ಎಂದೊಡನೆ ಒಂದು ಬಾಳು ಎದುರು ನಿಲ್ಲುತ್ತದೆ. ಅಜಾಕ್ಸ್ ಎಂದರೆ ಅಡಿಟಿಪ್ಪಣಿ ಬೇಕು.

ಹಾಗಾದರೆ ಸಾಕ್ರೆಟಿಸನನ್ನೂ ತಿದ್ದುತ್ತೀರಾ, ಸೋಫೋಕ್ಲಿಸ್‌ನನ್ನೂ ಬದಲಿಸುತ್ತೀರಾ ಎಂದು ಕೇಳಬಹುದು. ಇಲ್ಲ. ರೂಢಿಗೆ ಬಂದದ್ದು ಇರಲಿ. ಕೃತಿಯೊಳಗೆ ಹೆಸರು ಕೆಲಸ ಮಾಡುತ್ತಿರುವಲ್ಲಿ ಮಾತ್ರ ಎರಡರಲ್ಲೊಂದನ್ನು ಮಾಡಿ: ಬಿಎಂಶ್ರೀಯಂತೆ ನಮ್ಮದೊಂದು ಹೆಸರು ಹುಡುಕಿ, ಇಲ್ಲವೇ ಗ್ರೀಕಿನದನ್ನೇ ಕಿವಿಗೊಟ್ಟು ಕೇಳಿ ಬರೆಯಿರಿ.

2014ರಲ್ಲಿ ನಮ್ಮ ನೆರೆಯ ಹೊಸಪೇಟೆ, ಬಳ್ಳಾರಿ ಸೇರಿ ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತವನ್ನು ಕನ್ನಡದ ಉಚ್ಚಾರಕ್ಕೆ ತಿದ್ದಿಸಿಕೊಂಡೆವು. 'ಹಾಸ್ಪೆಟ್' ಎಂದರೆ ನಮ್ಮ ಪೇಟೆಯ ಅರ್ಥ ಸಾಯುತ್ತದೆ ಎಂದು ಗೊತ್ತಿದ್ದ ನಮಗೆ, ಅಜಾಕ್ಸ್ ಎಂದರೆ ಇನ್ನೊಬ್ಬರ ಅಳು ಸಾಯುತ್ತದೆ ಎಂಬುದೂ ಗೊತ್ತಾಗಬೇಕಿತ್ತು.