ಸಹಾನುಭೂತಿಯ ಅಂಕ ಯಾರ ಲೆಕ್ಕಕ್ಕೆ?

ಬೆಂಗಳೂರಿನ ಹೊರವಲಯದ ಹೆಬ್ಬಗೋಡಿಯ ಶೀಟ್ ಮನೆಯಲ್ಲಿ ಬಾಡಿಗೆಗಿದ್ದು ಬೊಮ್ಮಸಂದ್ರದ ಕಾರ್ಖಾನೆಗೆ ಹೋಗುವ ಒಡಿಶಾದ ಹುಡುಗನೊಬ್ಬನಿಗೆ ವಾರದಿಂದ ಜ್ವರ ಎಂದಿಟ್ಟುಕೊಳ್ಳಿ. ರಜೆ ಹಾಕಿದರೆ ಆ ದಿನದ ಕೂಲಿಯೂ ಇಲ್ಲ, ತಿಂಗಳ ಹಾಜರಾತಿ ಬೋನಸ್ಸೂ ಇಲ್ಲ. ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ದಿನ ನೂಕಿ, ತಡೆಯಲಾರದೆ ಆಸ್ಪತ್ರೆಗೆ ಬರುತ್ತಾನೆ. ‘ಇಷ್ಟು ದಿನ ಏನು ಮಾಡ್ತಿದ್ದೆ?’ ಎಂದು ಕಲಿಕೆಯಲ್ಲಿರುವ ಯುವ ವೈದ್ಯರು ಗದರುತ್ತಾರೆ. ಇವರಿಗೆ ಸಹಾನುಭೂತಿ ಎಷ್ಟಿದೆ ಎಂದು ಅಳೆಯುವುದು ಹೇಗೆ?

ಅಳೆಯಲು ಸಾಧನಗಳಿವೆ. ಹೆಚ್ಚು ಬಳಕೆಯಲ್ಲಿರುವುದು ಫಿಲಡೆಲ್ಫಿಯಾದಲ್ಲಿ ರೂಪುಗೊಂಡ ಜೆಫರ್ಸನ್ ಮಾಪಕ. ಅದರಲ್ಲಿ 20 ಹೇಳಿಕೆಗಳು, ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ, ಗರಿಷ್ಠ 140. ಅಂಕ ಹಾಕಿಕೊಳ್ಳುವವರು ವಿದ್ಯಾರ್ಥಿಗಳೇ. ರೋಗಿಯ ಭಾವನೆ ಅರಿಯುವುದು ಮುಖ್ಯವೇ ಎಂದು ಕೇಳಿದರೆ ಅಲ್ಲ ಎನ್ನುವವರು ಯಾರು? ನೀಟ್ ಪಾಸಾದ ಮಕ್ಕಳಿಗೆ ಸರಿಯುತ್ತರ ಊಹಿಸುವುದನ್ನು ಹೇಳಿಕೊಡಬೇಕಿಲ್ಲ.

ಹಾಗೆಂದು ಮಾಪಕವೇ ವ್ಯರ್ಥವಲ್ಲ. 2009ರಲ್ಲಿ ಹೊಜತ್ ಮತ್ತು ಸಂಗಡಿಗರು ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಅಂಕ ಕುಸಿದದ್ದು ಮೂರನೇ ವರ್ಷದಲ್ಲಿ, ಅಂದರೆ ವಿದ್ಯಾರ್ಥಿಗಳು ವಾರ್ಡಿಗೆ ಕಾಲಿಟ್ಟು ರೋಗಿಗಳನ್ನು ನೋಡತೊಡಗಿದ ಹೊತ್ತಿನಲ್ಲಿ. ಎಲ್ಲ ದೇಶಗಳಲ್ಲೂ ಹೀಗೇ ಕಂಡಿಲ್ಲ, ನಿಜ. ಆದರೂ ಕುಸಿತ ಕಂಡಲ್ಲಿ ವಿದ್ಯಾರ್ಥಿಯನ್ನು ದೂರುವ ಮೊದಲು ವಾರ್ಡನ್ನು ನೋಡಬೇಡವೇ? ನಿದ್ದೆಗೆಟ್ಟ ಪಾಳಿ, ಹಿರಿಯರ ಬೈಗುಳ, ಹೊರರೋಗಿ ವಿಭಾಗದ ಮುಗಿಯದ ಸಾಲು: ಸಹಾನುಭೂತಿ ಸವೆಯುವುದು ಇಲ್ಲಿ.

ನಮ್ಮಲ್ಲಿ 2019ರ ಎಂಬಿಬಿಎಸ್ ತಂಡದಿಂದ ಮನೋಧರ್ಮ, ನೀತಿ, ಸಂವಹನ ಕೌಶಲಗಳು ‘ಎಟ್‌ಕಾಮ್’ ಹೆಸರಿನಲ್ಲಿ ಪಠ್ಯಕ್ರಮ ಸೇರಿವೆ. ಇದು ಒಳ್ಳೆಯ ಹೆಜ್ಜೆ, ಮನಸಾರೆ ಸ್ವಾಗತಿಸುತ್ತೇನೆ. ಆಮೇಲೆ ಬಂದ ಕುಟುಂಬ ದತ್ತು ಕಾರ್ಯಕ್ರಮ ವಿದ್ಯಾರ್ಥಿಯನ್ನು ಹಳ್ಳಿಯ ಮನೆಬಾಗಿಲಿಗೇ ಕಳಿಸುತ್ತದೆ. ಆದರೆ ಹೆಬ್ಬಗೋಡಿ ಈಗ ಹಳ್ಳಿಯಲ್ಲ, ನಗರಸಭೆ. ಇಲ್ಲಿ ಗುತ್ತಿಗೆ ಮುಗಿದರೆ ಕೋಣೆ ಖಾಲಿ. ಒಂದೇ ಕೋಣೆಯಲ್ಲಿ ಮಲಗೆದ್ದು ಪಾಳಿಗೆ ಹೋಗುವ ಹುಡುಗರ ಗುಂಪು ಯಾವ ‘ಕುಟುಂಬ’ದ ಲೆಕ್ಕಕ್ಕೂ ಬರುವುದಿಲ್ಲ. ವಲಸಿಗರ ಬಗ್ಗೆ, ಬಡವರ ಬಗ್ಗೆ ವಿದ್ಯಾರ್ಥಿಯ ಸಾಮಾಜಿಕ ಧೋರಣೆ ಏನೆಂದು ನಿಜವಾಗಿ ತಿಳಿಯುವುದು ಇಂಥವರ ಮುಂದೆ ನಿಂತಾಗಲೇ.

ಹಾಗಾಗಿ ಕೇಳಬೇಕಾದದ್ದು ರೋಗಿಯನ್ನು. ಸ್ಕಾಟ್ಲೆಂಡಿನಲ್ಲಿ ರೂಪಿಸಿದ ‘ಕೇರ್’ ಅಳತೆಯಲ್ಲಿ 10 ಪ್ರಶ್ನೆಗಳಿಗೆ ಉತ್ತರಿಸುವವರು ರೋಗಿಗಳೇ. ವೈದ್ಯರು ನಿಮ್ಮ ಮಾತು ಪೂರ್ತಿ ಕೇಳಿಸಿಕೊಂಡರೇ, ತಿಳಿಯುವಂತೆ ವಿವರಿಸಿದರೇ ಎಂಬಂಥ ಪ್ರಶ್ನೆಗಳವು. ಹೆಬ್ಬಗೋಡಿಯಲ್ಲಿ ಇವನ್ನು ಕನ್ನಡದ ಜೊತೆಗೆ ಒಡಿಯಾ, ಹಿಂದಿ, ಬಂಗಾಳಿ, ತಮಿಳಿನಲ್ಲೂ ಕೇಳಬೇಕಾದೀತು. ಅದೂ ವೈದ್ಯರ ಎದುರಿಗಲ್ಲ. ಎದುರಿಗೆ ಕೇಳಿದರೆ ಬಡವರು ‘ಎಲ್ಲ ಚೆನ್ನಾಗಿದೆ ಸಾರ್’ ಎಂದೇ ಹೇಳುತ್ತಾರೆ.

ಬಂದ ಉತ್ತರಗಳನ್ನು ವಿದ್ಯಾರ್ಥಿಯ ಅಂಕಪಟ್ಟಿಗೆ ಸೇರಿಸಬಾರದು, ಸೇರಿಸಿದರೆ ಅದೂ ನಟನೆಯಾಗುತ್ತದೆ. ಅವು ಕಾಲೇಜಿನ ಲೆಕ್ಕಕ್ಕೆ ಸೇರಲಿ. ಒಬ್ಬ ರೋಗಿಗೆ ಎಷ್ಟು ನಿಮಿಷ ಸಿಕ್ಕಿತು, ಅವನ ಭಾಷೆ ಬಲ್ಲವರು ಪಕ್ಕದಲ್ಲಿದ್ದರೇ, ಕಿರಿಯ ವೈದ್ಯರಿಗೆ ನಿದ್ದೆ ಮಾಡಲು ಬಿಡುವಿತ್ತೇ ಎಂಬುದೂ ಜೊತೆಗೆ ದಾಖಲಾಗಲಿ. ಮಾನ್ಯತೆಗಾಗಿ ಹಾಸಿಗೆ, ಬೋಧಕರನ್ನು ಎಣಿಸುವ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನೂ ಕೇಳಲಿ.